ತೀರ್ಥದ ಬಟ್ಟಲಲ್ಲಿ ಮೈಲುತುತ್ತ

ಇವತ್ತು ಏಕಾದಶಿ, ಉಪವಾಸ. ಬಾಗಿಲು ಸಾರಿಸಿ, ದೇವರ ತಾಮ್ರದ ಬಟ್ಟಲನ್ನು ಹುಣಸೆಹಣ್ಣಲ್ಲಿ ತಿಕ್ಕುವಾಗ ಹಸಿರು ಕಿಲುಬು ಕೈಗಂಟಿತು. ಆಗಿನಿಂದ ಮನಸ್ಸು ನಿಂತಲ್ಲಿ ನಿಲ್ಲುತ್ತಿಲ್ಲ.

ನಾನು ಚಿಕ್ಕವಳಿದ್ದಾಗ ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ, ಹೈಸ್ಕೂಲು ಓದುತ್ತಿದ್ದ ಅಣ್ಣನಿಗೆ ಪ್ರಯೋಗದ ಹುಚ್ಚು. ಇಂಥದೇ ಏಕಾದಶಿ ದಿನ ಅಜ್ಜಿ ಸ್ನಾನಕ್ಕೆ ಬಾವಿಗೆ ಹೋದಾಗ, ಅವಳ ತೀರ್ಥದ ಬಟ್ಟಲಲ್ಲಿ ಮೈಲುತುತ್ತದ ವಿಷ ಕದಡಿ, ಟಾರ್ಚಿನ ಸೆಲ್ಲಿಗೆ ತಂತಿ ಕಟ್ಟಿ, ಬೀಗದ ಕೈಗೆ ತಾಮ್ರ ಹಿಡಿಸುತ್ತಿದ್ದ. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಅಜ್ಜಿಯ ಹೆಜ್ಜೆ ಸದ್ದಾಯಿತು. ತಂತಿ, ಬೀಗದ ಕೈ ಕಿತ್ತುಕೊಂಡು, "ಅಮ್ಮಿ, ಯಾರ್ಗೂ ಯೋಳ್ಬ್ಯಾಡ ಕಣಮ್ಮಿ" ಅಂದು ಓಡಿಬುಟ್ಟ. ಬಟ್ಟಲು ಅಲ್ಲೇ ಉಳಿಯಿತು.

ದೇವರಮನೆಯ ಮಬ್ಬುಗತ್ತಲಲ್ಲಿ ನೀರಿನ ನೀಲಿ ಕಾಣದೆ, ಒದ್ದೆ ಸೀರೆಯ ಅಜ್ಜಿ ಆ ನೀರಿಗೇ ತುಳಸಿ ಹಾಕಿ, ಅಂಗೈಗೆ ಬಗ್ಗಿಸಿಕೊಂಡಳು. ನನ್ನದಿನ್ನೂ ಸ್ನಾನವಾಗಿರಲಿಲ್ಲ. ನಾನು ನುಗ್ಗಿದ್ದು ಕಂಡು, "ಮುಟ್ಬ್ಯಾಡ ಕಣಮ್ಮಿ, ಮಡೀಲಿವ್ನಿ!" ಅಂದಳು. ಅವಳ ಕೈಗೆ ಹೊಡೆದುಬಿಟ್ಟೆ. ಬಟ್ಟಲ ಸಮೇತ ತೀರ್ಥವೆಲ್ಲ ನೆಲಕ್ಕೆ.

"ಮಡಿ ಕೆಡಿಸ್ಬುಟ್ಟಲ್ಲೇ, ಮೂದೇವಿ!" ಅಂದು ಮತ್ತೆ ಬಾವಿಗೆ ನಡೆದಳು. ಆ ದಿನ ಹನಿ ನೀರೂ ಮುಟ್ಟಲಿಲ್ಲ. ನಾನು ನೆಲ ಒರೆಸಿದೆ, ಕಾರಣ ಮಾತ್ರ ಹೇಳಲಿಲ್ಲ. ಅಜ್ಜಿ ಇರೋವರೆಗೂ ನನ್ನನ್ನು ದೇವರಮನೆಯ ಹೊಸ್ತಿಲು ದಾಟಗೊಡಲಿಲ್ಲ.

ಅಣ್ಣ ಈಗ ಚಾಮರಾಜನಗರದಲ್ಲಿದ್ದಾನೆ, ನಾನೇ ಕೇಳಲು ಇವತ್ತಿಗೂ ಧೈರ್ಯವಾಗಿಲ್ಲ. ಇದನ್ನು ನೋಡಿದವರು ಯಾರಾದರೂ ಅವನಿಗೆ ಓದಿ ಹೇಳಿ. ಅಜ್ಜಿಗೆ ನೀನಾದರೂ ನಿಜ ಹೇಳಿದ್ದೆಯಾ ಅಂತ ಕೇಳಿ, ಅವನ ಉತ್ತರವನ್ನು ನನಗೆ ತಂದುಕೊಡಿ.