ಸೇವ್ ಮಾಡದೆ ಉಳಿದ ಹೆಸರು

ಗಾಳಿ, ಶಕುನ, ಪವಾಡ ಎಂದರೆ ನಕ್ಕು ಸುಮ್ಮನಾಗುತ್ತಿದ್ದವಳು ನಾನು. ಕೊಳ್ಳೇಗಾಲದಲ್ಲಿ ನಾನು ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹುಡುಗಿಯರು ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಇಟ್ಟರೆ, ಕೀಬೋರ್ಡಿನೊಳಗೆ ಉದುರಿದರೆ ನೀವೇ ರಿಪೇರಿ ಮಾಡಿಸಬೇಕು ಎಂದು ಗದರುತ್ತಿದ್ದೆ. ಅಂಥವಳು ಇದನ್ನು ಹೇಳುತ್ತಿದ್ದೇನೆಂದರೆ ನಿಮಗೆ ನಗು ಬರಬಹುದು. ನಗಿ, ಬೇಸರವಿಲ್ಲ.

ತೊಂಬತ್ತರ ದಶಕದ ಮಾತು. ಸುತ್ತಲಿನ ಊರುಗಳಲ್ಲಿ ರಕ್ತ ಕೊಡಲು ಒಪ್ಪಿದವರ ಹೆಸರು, ಊರು, ಫೋನು, ರಕ್ತದ ಗುಂಪು ಎಲ್ಲವನ್ನೂ ನಮ್ಮ ಒಂದೇ ಕಂಪ್ಯೂಟರಿನ ಡೇಟಾಬೇಸಿಗೆ ಸೇರಿಸುತ್ತಿದ್ದೆ. ಕಲಿಯಲು ಬಂದ ಹುಡುಗಿಯರು ಅದರಲ್ಲೇ ಕೈಯಾಡಿಸಿ ಹನೂರಿನವರನ್ನು ಅಗರಕ್ಕೆ ಕಳಿಸಿಬಿಡುತ್ತಿದ್ದರು. ಏನು ಬದಲಾಯಿಸಿದರೂ ತಾನಾಗಿಯೇ ಸೇವ್ ಆಗುತ್ತಿದ್ದುದೇ ಈ ಫಜೀತಿಗೆಲ್ಲ ಕಾರಣ. ರೋಸಿಹೋಗಿ ಆ ಆಟೋಸೇವ್ ಅನ್ನೇ ಆಫ್ ಮಾಡಿದೆ. ಅಲ್ಲಿಂದಾಚೆಗೆ ನಾನು ಸೇವ್ ಕೊಟ್ಟರಷ್ಟೇ ಉಳಿಯುತ್ತಿತ್ತು, ಇಲ್ಲದಿದ್ದರೆ ಮೆಷಿನ್ ಆರಿದೊಡನೆ ಹೋಯಿತು.

ಒಂದು ಬೆಳಿಗ್ಗೆ ಮಾಂಬಳ್ಳಿಯಿಂದ ಹೊನ್ನಪ್ಪ ಎಂಬುವನು ಬಂದ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಡ್ರೈವರು. ತನ್ನೂರ ಹುಡುಗರ ರಕ್ತಪರೀಕ್ಷೆಯ ಕಾರ್ಡುಗಳನ್ನು ತಂದಿದ್ದ. ಎದುರಿಗೆ ಕೂತು ಮೊದಲು ತನ್ನ ವಿವರವನ್ನೇ ಹೇಳಿದ.

"ಒನ್ನಪ್ಪ ಅಂತ ಬರ್ಕಳಿ ಅಕ್ಕ."

ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ನಾನು ಎಚ್‌ನಿಂದಲೇ ಶುರುಮಾಡಿ, "ಹೊನ್ನಪ್ಪ ಅಲ್ವೇನಪ್ಪ? ಹ ಎಲ್ಲಿ ಹೋಯ್ತು?" ಎಂದು ಕಿಚಾಯಿಸಿದೆ.

"ಅದ್ನ ಇಸ್ಕೂಲಲ್ಲೇ ಬುಟ್ಬುಟ್ಟು ಬಂದೆ ಕಣಕ್ಕ" ಅಂದ. ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ಊರು, ಫೋನು ಬರೆದುಕೊಂಡು, ಅವನ ರಕ್ತದ ಗುಂಪನ್ನು ಕೇಳುವುದನ್ನೇ ಮರೆತು ಮುಂದಿನ ಕಾರ್ಡಿಗೆ ಹೋದೆ.

ಕಾರ್ಡುಗಳು ಅರ್ಧ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಸೇವ್ ಕೊಟ್ಟಿರಲಿಲ್ಲ. ಕರೆಂಟು ಬಂದ ಮೇಲೆ ತೆರೆದು ನೋಡಿದರೆ ಮಾಂಬಳ್ಳಿಯ ಒಂದು ಹೆಸರೂ ಇಲ್ಲ. ಅವನು ಮುನಿಸಿಕೊಳ್ಳಲಿಲ್ಲ, ಇನ್ನೊಂದು ದಿನ ಬರುತ್ತೇನೆಂದು ಕಾರ್ಡುಗಳನ್ನು ವಾಪಸು ತೆಗೆದುಕೊಂಡು ಹೋದ.

ಅದೇ ವಾರ ನನ್ನ ತಂಗಿ ಶಾರದೆಗೆ ಹೆರಿಗೆಯಾಯಿತು. ಹೆಣ್ಣುಮಗು, ಆರೋಗ್ಯವಾಗಿತ್ತು. ಆದರೆ ಶಾರದೆಗೆ ರಕ್ತಸ್ರಾವ ನಿಲ್ಲಲಿಲ್ಲ. ಮಧ್ಯಾಹ್ನ ಅವಳ ಗಂಡ ನರ್ಸಿಂಗ್ ಹೋಮಿನಿಂದ ಓಡಿಬಂದ.

"ಅಕ್ಕಾ, ಓ ನೆಗೆಟಿವ್ ಬೇಕಂತೆ. ಇಲ್ದಿದ್ರೆ ಕಷ್ಟ ಅಂತಾವ್ರೆ."

ಸಿಗುವುದೇ ಅಪರೂಪದ ಗುಂಪು. ನನ್ನದು ಬೇರೆ. ಕಂಪ್ಯೂಟರಿನ ಮುಂದೆ ಕೂತೆ. ಗಾಬರಿಯಲ್ಲಿ, ಗುಂಪಿನ ಕಾಲಂನಲ್ಲಿ ಹುಡುಕಬೇಕಾದ 'ಓ' ಅಕ್ಷರವನ್ನು ಹೆಸರಿನ ಕಾಲಂನಲ್ಲಿ ಹುಡುಕಿಬಿಟ್ಟೆ. ಓ ಅಕ್ಷರದಿಂದ ಶುರುವಾಗುವ ಒಂದೇ ಹೆಸರು ಬಂದು ನಿಂತಿತು: ಒನ್ನಪ್ಪ, ಮಾಂಬಳ್ಳಿ. ಅವನ ಊರಿನ ಅಂಗಡಿಯ ಫೋನ್ ನಂಬರು. ಗುಂಪಿನ ಜಾಗ ಖಾಲಿ. ಹೆಸರಿನ ಮೊದಲಿಗೆ ನಾನು ಒತ್ತಿದ್ದ ಎಚ್ ಇಲ್ಲವೇ ಇಲ್ಲ.

ಆಗ ಬೆರಗಾಗಲೂ ಪುರುಸೊತ್ತಿರಲಿಲ್ಲ. ಗುಂಪಿನ ಕಾಲಂನಲ್ಲಿ ಮತ್ತೆ ಹುಡುಕಿದರೆ ಓ ನೆಗೆಟಿವ್ ಒಬ್ಬರೂ ಇಲ್ಲ. ಕಾರ್ಡುಗಳು ಅವನ ಹತ್ತಿರ ಇವೆಯಲ್ಲ ಎಂದು ಹೊಳೆದು ಫೋನು ಮಾಡಿದೆ. ಅಂಗಡಿಯವನು ಅವನನ್ನು ಕರೆಸಿದ. ಯಾರದಾದರೂ ಓ ನೆಗೆಟಿವ್ ಇದೆಯಾ ನೋಡಪ್ಪ ಎಂದೆ.

"ಯಾರ್ದೋ ಯಾಕಕ್ಕ, ನಂದೇ ಅದು. ಬಂದೆ ಇರಿ."

ಯಾರದೋ ಮೊಪೆಡ್ಡಿನಲ್ಲಿ ಬಂದ. ತಲೆಯಲ್ಲಿ ಇನ್ನೂ ಕಬ್ಬಿನ ಧೂಳಿತ್ತು. ರಕ್ತ ಹೊಂದಿಕೆಯಾಯಿತು. ಸಂಜೆಗೆ ಶಾರದೆ ಕಣ್ಣುಬಿಟ್ಟು ಮಗು ಎಲ್ಲಿ ಎಂದು ಕೇಳಿದಾಗ ನಾನು ಗೋಡೆಗೆ ಒರಗಿ ಅತ್ತೆ.

ಆಮೇಲೆ ನೋಡಿದೆ, ಆಟೋಸೇವ್ ಆಫ್ ಆಗಿಯೇ ಇತ್ತು. ಹುಡುಗಿಯರನ್ನು ಕೇಳಿದೆ, ಆ ಹೆಸರನ್ನೇ ಯಾರೂ ಕೇಳಿರಲಿಲ್ಲ. ಮೈಸೂರಿನ ರಿಪೇರಿಯವರು, ಒಂದೊಂದು ಸಲ ಅರ್ಧಂಬರ್ಧ ಡಿಸ್ಕಿಗೆ ಹೋಗಿರುತ್ತದೆ ಮೇಡಂ ಎಂದರು. ಹಾಗಾದರೆ ಎಚ್ ಏನಾಯಿತು ಎಂದರೆ, ಕೀಬೋರ್ಡ್ ಬದಲಾಯಿಸಿ ನೋಡಿ ಎಂದರು. ಹೊನ್ನಪ್ಪನಿಗೆ ಮಾತ್ರ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ.

"ನೀವ್ ತಿದ್ದುದ್ರಿ. ಅದು ನಾ ಏಳ್ದಂಗೇ ಬರ್ಕಂಡದೆ, ಅಷ್ಟೇ ಕಣಕ್ಕ."

ಇವತ್ತಿಗೂ ನನಗೆ ಇದು ಬಗೆಹರಿದಿಲ್ಲ. ಯಾರಿಗೆ ಕೈ ಮುಗಿಯಬೇಕೆಂದೂ ಗೊತ್ತಿಲ್ಲ, ಆದರೆ ಮುಗಿಯುತ್ತೇನೆ. ಮಗುವಿಗೆ ಹೊನ್ನಮ್ಮ ಎಂದು ಹೆಸರಿಟ್ಟೆವು. ಹೊನ್ನಪ್ಪ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು "ಒನ್ನೀ" ಎಂದು ಕೂಗುತ್ತಾನೆ, ಇಷ್ಟು ದೊಡ್ಡವಳಾದರೂ ಅವಳು ಅವನ ಹತ್ತಿರ ಓಡುತ್ತಾಳೆ. ನಾನು ತಿದ್ದುವುದಿಲ್ಲ.