ಅತ್ತೆಯ ಸೊಂಟ, ನನ್ನ ಎಡಗಾಲು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮೊದಲು ಬಂತಂತೆ. ಅಂಥ ಹೆಣ್ಣು ಸೇರಿದ ಮನೆಗೆ ಕೇಡು ಎಂದು ನಿಡುಗಲ್ಲಿನ ನಮ್ಮ ಕಡೆ ಆಡಿಕೊಳ್ಳುತ್ತಿದ್ದರು. ಅದಕ್ಕೇ ಅವ್ವ ಮದುವೆಯ ಮಾತುಕತೆಯಲ್ಲಿ ಆ ವಿಷಯ ಎತ್ತಲಿಲ್ಲ. ಬಾಯಿ ಬಿಡುವುದಿಲ್ಲವೆಂದು ನನ್ನಿಂದಲೂ ಆಣೆ ಮಾಡಿಸಿಕೊಂಡು ತಾವರೆಕೆರೆಯ ಗಂಡನ ಮನೆಗೆ ಕಳಿಸಿದಳು. ಐವತ್ತರ ದಶಕದ ಕೊನೆ ಇರಬೇಕು.

ಅತ್ತೆ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ನಾನು ತೊಳಸಿದ ಮುದ್ದೆಯಲ್ಲಿ ಗಂಟು ಹುಡುಕದೆ ಅವರು ಊಟಕ್ಕೆ ಕೈ ಹಾಕುತ್ತಿರಲಿಲ್ಲ. ನಾನು ಹೋದ ಮೂರನೇ ತಿಂಗಳು, ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಏಳಲಾರರು, ಕೂರಲಾರರು. ಸೊಂಟ ಹಿಡಿದುಕೊಂಡಿತ್ತು.

ನಮ್ಮ ಯಜಮಾನರು ಸಿರಾ ಆಸ್ಪತ್ರೆಗೆಂದು ಗಾಡಿ ಕಟ್ಟಲು ಹೊರಟರು. "ಗಾಡೀಲಿ ಕುಲುಕಿದ್ರೆ ದಾರೀಲೇ ನನ್ ಪ್ರಾಣ ಹೋಗ್ತದೆ, ಬುಡ್ಲಾ!" ಎಂದು ಅತ್ತೆ ಅರಚಿದರು. ಅಷ್ಟರಲ್ಲಿ ಬೀದಿಯ ಕೊನೆಯ ಬಳೆಗಾರರ ಮನೆಯ ಬೂಬಮ್ಮ ಬಂದರು. ಊರಿನ ಉಳುಕೆಲ್ಲ ನೋಡುತ್ತಿದ್ದವರು ಅವರೇ.

ಮೊದಲು ಕಾಲ್ಬೆರಳು ಆಡಿಸಲು ಹೇಳಿದರು. ಜೋಮು ಹಿಡಿದಿದೆಯಾ, ಮೂತ್ರ ಕಟ್ಟಿದೆಯಾ ಎಂದು ಕೇಳಿದರು. "ಕಾಲು ಸ್ವಾದೀನ ತಪ್ಪಿದ್ರೆ ಸಿರಾಕ್ಕೆ ನಾನೇ ಹೊರಡಿಸ್ತಿದ್ದೆ. ಇದು ಬರೀ ಹಿಡ್ಕೊಂಡಿರೋದು" ಎಂದು ಅತ್ತೆಯನ್ನು ಮಗ್ಗುಲಾಗಿ ಮಲಗಿಸಿ, ಬಿಸಿ ಮರಳಿನ ಗಂಟಿನಿಂದ ಶಾಖ ಕೊಟ್ಟರು. ಆಮೇಲೆ ಕೇಳಿದರು, "ಕಾಲು ಮುಂದಾಗಿ ಹುಟ್ಟಿದೋರು ಎಡಗಾಲಲ್ಲಿ ಮೂರು ಕಿತ ಸೋಕಿಸಿದ್ರೆ ಬುಟ್ಟೋಗ್ತದೆ. ಊರಾಗೆ ಯಾರವ್ರೆ?"

ಇದ್ದೊಬ್ಬ ಮುದುಕ ಹಿಂದಿನ ವರ್ಷ ತೀರಿಕೊಂಡಿದ್ದ.

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಹೇಳಿದರೆ ತವರಿಗೆ ಅಟ್ಟುತ್ತಾರೆ. ಹೇಳದಿದ್ದರೆ, ಆ ಗಟ್ಟಿ ಹೆಂಗಸು ಮಗುವಿನ ಹಾಗೆ "ಅವ್ವಾ" ಎಂದು ನರಳುವುದನ್ನು ನೋಡುತ್ತಾ ನಿಲ್ಲಬೇಕು. ನನ್ನಿಂದಾಗಲಿಲ್ಲ.

"ನಾನು ಅಂಗೇ ಹುಟ್ಟಿದ್ದು" ಎಂದುಬಿಟ್ಟೆ.

ಅತ್ತೆ ಕತ್ತು ಹೊರಳಿಸಿ ನನ್ನನ್ನೇ ದಿಟ್ಟಿಸಿದರು. "ಮತ್ತೆ ನೋಡ್ತಾ ನಿಂತಿದ್ದೀಯಲ್ಲೇ! ಒದಿ!"

ಅವರ ಸೊಂಟಕ್ಕೆ ಮೂರು ಸಲ ಎಡಗಾಲು ಸೋಕಿಸಿದೆ. "ಅತ್ತೇನ ಒದೆಯೋ ಭಾಗ್ಯ ಎಲ್ಲಾರ್ಗೂ ಸಿಕ್ಕಲ್ಲ ಬೇಟಿ" ಎಂದು ಬೂಬಮ್ಮ ನಕ್ಕರು.

ನನ್ನ ಕಾಲಿನಿಂದ ವಾಸಿಯಾಯಿತೆಂದು ನಾನು ಆಗಲೂ ನಂಬಲಿಲ್ಲ, ಈಗಲೂ ಇಲ್ಲ. ಬೂಬಮ್ಮ ವಾರವಿಡೀ ಬಂದರು. ಶಾಖ ಕೊಟ್ಟು, ತೋಳು ಹಿಡಿದು, ಹರಟುತ್ತಾ ಅತ್ತೆಯನ್ನು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸುತ್ತಿದ್ದರು. ಅವರ ಕೈ ದೊಡ್ಡದು. ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ.

ಎಂಟನೇ ದಿನ ಅತ್ತೆ ತಾವಾಗಿಯೇ ಬಂದು ಜಗಲಿಯ ಮೇಲೆ ಕೂತರು. ಹಿರಿಯರಿಗೆ ಕಾಲು ಸೋಕಿಸಿದ ತಪ್ಪಿಗೂ ಮುಚ್ಚಿಟ್ಟ ತಪ್ಪಿಗೂ ಸೇರಿಸಿ ಕ್ಷಮೆ ಕೇಳೋಣವೆಂದು ಅವರ ಕಾಲಿಗೆ ಬಗ್ಗಿದೆ. ಅವರು ನನ್ನ ಭುಜ ಹಿಡಿದು ತಡೆದರು.

"ಬಗ್ಗಬ್ಯಾಡ ಕಣಮ್ಮ. ನಿನ್ ಸೊಂಟನೂ ಹಿಡ್ಕೊಂಡ್ರೆ ನಮ್ ಮನೇಲಿ ಒದೆಯೋರು ಯಾರವ್ರೆ?"