ಅವ್ವನ ಕೈಯ ಹಿಂಬದಿ

ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಮನೆಗೆ ಬಂದಾಗ ಅಂಗೈಗಳಲ್ಲಿ ಖಾರ ಕೂತಿರುತ್ತಿತ್ತು. ಅದಕ್ಕೇ ನನ್ನ ಕೆನ್ನೆಯನ್ನು ಕೈಯ ಹಿಂಬದಿಯಿಂದ ಸವರುತ್ತಿದ್ದಳು. ಹೀಗೆಂದು ಬರೆಯುತ್ತೇನೆ, ಆದರೆ ಆಣೆ ಮಾಡಿ ಹೇಳಲಾರೆ.

ಅವ್ವ ತೀರಿಕೊಂಡಾಗ ನಾವಿಬ್ಬರು ಮಕ್ಕಳೂ ಹತ್ತಿರ ಇರಲಿಲ್ಲ. ಕೆಲವು ತಿಂಗಳಾದ ಮೇಲೆ, ಹಾವೇರಿಯಲ್ಲಿರುವ ಅಕ್ಕ ನನ್ನನ್ನು ಬ್ಯಾಡಗಿಯ ಒಬ್ಬ ಹೆಂಗಸಿನ ಬಳಿಗೆ ಕರೆದಳು. ಸತ್ತವರು ಆಕೆಯ ಮೈಮೇಲೆ ಬಂದು ಮಾತಾಡುತ್ತಾರಂತೆ. ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವನು; ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಬೀಜಗಳನ್ನು ಹಸಿ ಕಾಗದದಲ್ಲಿ ಸುತ್ತಿಟ್ಟು ಮೊಳಕೆ ಪರೀಕ್ಷೆ ಮಾಡುವುದು ನನ್ನ ಕೆಲಸ. ಇಂಥವರು ನಮ್ಮ ಬಾಯಿಂದಲೇ ಸಂಗತಿ ಎಳೆದು ನಮಗೇ ತಿರುಗಿ ಹೇಳುತ್ತಾರೆ, ಮನೆಗೆ ಹೋದಮೇಲೆ ಉಳಿದದ್ದನ್ನು ನಮ್ಮ ನೆನಪೇ ಹೊಲಿದುಕೊಳ್ಳುತ್ತದೆ ಎಂದು ಬಸ್ಸಿನಲ್ಲಿ ವಿವರಿಸಿದೆ.

"ಬೀಜದ ಗತೆ ಅವ್ವನ್ನೂ ಹಸಿ ಕಾಗದದಾಗ ಸುತ್ತಿ ನೋಡ್ತಿಯೇನ?" ಅಂದಳು ಅಕ್ಕ. "ಸುಮ್ನ ಬಾ. ಒಂದ ಮಾತ ಕೇಳಬೇಕು ನನಗ."

ಆ ಹೆಂಗಸು ಕಣ್ಣು ಮುಚ್ಚಿ ತೂಗಾಡಿದಳು. ಯಾರ ಅವ್ವನಾದರೂ ಆಡುವ ಮಾತುಗಳನ್ನೇ ಆಡಿದಳು: ವ್ಯಾಳ್ಯಾಕ್ಕ ಉಣ್ರಿ, ಜಗಳಾಡಬ್ಯಾಡ್ರಿ. ನನಗೆ ಒಳಗೇ ನಗು. ಅಷ್ಟರಲ್ಲಿ ಅಕ್ಕ ಕೇಳಿದಳು: "ಅವ್ವಾ, ಕೊನಿಗೆ ನೀರ ಕೇಳಿದ್ಯೇನ?"

"ನೀರಡಿಕಿ ಆಗಿದ್ದಿಲ್ಲಬೇ."

ಆಮೇಲೆ ಆ ಹೆಂಗಸು ನನ್ನ ಕಡೆ ತಿರುಗಿ, ಕೈಯ ಹಿಂಬದಿಯಿಂದ ನನ್ನ ಕೆನ್ನೆ ಸವರಿದಳು. ನಾನು ಅಲ್ಲೇ ಅತ್ತುಬಿಟ್ಟೆ.

ಮರುದಿನ ನನಗೆ ನಾನೇ ಹೇಳಿಕೊಂಡೆ: ಬ್ಯಾಡಗಿಯಲ್ಲಿ ಖಾರದ ಕೈಯ ತಾಯಂದಿರಿಗೇನು ಬರವೇ? ಆಕೆಯೂ ಅದೇ ಕೆಲಸ ಮಾಡಿರಬಹುದು. ತನ್ನ ಮಕ್ಕಳನ್ನೂ ಹಾಗೇ ಮುಟ್ಟಿರಬಹುದು.

ಯುಗಾದಿಗೆ ಹಾವೇರಿಗೆ ಹೋದಾಗ ಈ ಮಾತು ತೆಗೆದೆ. ಅಕ್ಕ ಹೋಳಿಗೆ ಲಟ್ಟಿಸುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

"ಎಲ್ಲಿ ಹಿಂಬದಿ? ಎಲ್ಲಾರಿಗೂ ಇಟ್ಟಂಗ ನಿನ್ನ ತಲಿ ಮ್ಯಾಲೂ ಅಂಗೈ ಇಟ್ಲು."

"ಅವ್ವ ಹಂಗ ಸವರ್ತಿದ್ಲಲ್ಲಕ್ಕಾ?"

"ಕೊಬ್ರಿ ಎಣ್ಣಿ ಹಚ್ಚಿ ಕೈ ತೊಳ್ಕೊಳ್ಳೂತನಕ ಅವ್ವ ನಮ್ಮನ್ನ ಹತ್ರಾನ ಬಿಟ್ಗೊಂತಿದ್ದಿಲ್ಲ, ತಮ್ಮಾ. ಇದನ್ನ ನಿನಗ ಯಾರ ಹೇಳಿದ್ರೋ?"

ಯಾರು ಹೇಳಿದರೋ. ಆ ಹೆಂಗಸಿನ ಬಳಿಗೆ ಹೋಗುವುದಕ್ಕೂ ಮುಂಚೆ ಇದನ್ನು ಯಾರ ಹತ್ತಿರವಾದರೂ ಆಡಿದ್ದೆನೇ ಎಂದು ಹುಡುಕುತ್ತಲೇ ಇದ್ದೇನೆ. ಅಂಥ ಒಂದು ನೆನಪೂ ಸಿಗುವುದಿಲ್ಲ. ಅಕ್ಕ ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ನನ್ನ ಹತ್ತಿರ ಅವ್ವನದೆಂದು ಉಳಿದಿದ್ದದ್ದು ಆ ಒಂದು ಸ್ಪರ್ಶ. ಅದು ಅವ್ವನದೋ, ಆ ಹೆಂಗಸಿನದೋ, ನಾನೇ ಹೊಲಿದುಕೊಂಡದ್ದೋ ತಿಳಿಯದು.

ಆಕೆ ಬಂದವರನ್ನು ಹೇಗೆ ಮುಟ್ಟುತ್ತಾಳೆಂದು ನೋಡಿದರೆ ಸ್ವಲ್ಪವಾದರೂ ತಿಳಿದೀತು ಎಂದು ಮೊನ್ನೆ ಒಬ್ಬನೇ ಹೋಗಿ ಪಾಳಿ ಹಚ್ಚಿದೆ. ಬಾಗಿಲು ತೆರೆದೇ ಇತ್ತು. ನನ್ನ ಸರದಿ ಬಂದಾಗ ಹಿಂದೆ ನಿಂತಿದ್ದ ಮುದುಕಿ ಮೆಲ್ಲಗೆ ತಳ್ಳಿದಳು.

"ನಿಮ್ಮ ಪಾಳಿ ಬಂತಲ್ರೀ, ಹೋಗ್ರಿ."

"ನೀವು ಹೋಗ್ರಿ, ಅಮ್ಮಾರ."

"ಪ್ಯಾಂಟಿನವರಿಗೂ ಅಂಜಿಕಿ ಬರತೈತೇನ!" ಎಂದು ನಕ್ಕು ಒಳಗೆ ಹೋದಳು. ಅವಳ ಹಿಂದಿನವರನ್ನೂ ಕಳಿಸಿದೆ. ಒಳಗೆ ಯಾರೋ ಅಳತೊಡಗಿದರು. ತಿರುಗಿದರೆ ಆಕೆಯ ಕೈ ಕಾಣುತ್ತಿತ್ತು; ನಾನು ಬಾಗಿಲಿಗೆ ಬೆನ್ನು ಮಾಡಿಯೇ ನಿಂತಿದ್ದೆ.